ಮಾವನ ಕ್ಯಾಲ್ಕುಲೇಟರು ಮತ್ತು ರಾಜೀವನಗರದ ಭಾನುವಾರಗಳು

ಎರಡಕ್ಕೆ ಎರಡು ಕೂಡಿದರೆ ಎಷ್ಟು ಎಂದು ನಮ್ಮ ಮಾವನನ್ನು ಕೇಳಿದರೆ, ಅವರು ಮೊದಲು ಕಿಟಕಿಯಾಚೆ ನೋಡಿ, "ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ?" ಎನ್ನುತ್ತಿದ್ದರು. ಉತ್ಪ್ರೇಕ್ಷೆ ಎನ್ನುತ್ತೀರಾ? ಸ್ವಲ್ಪ ಇದೆ. ಆದರೆ ನೀವು ಅವರೊಡನೆ ಒಂದು ವಾರ ಇದ್ದಿದ್ದರೆ ಆ 'ಸ್ವಲ್ಪ'ವನ್ನೂ ಹೊಡೆದುಹಾಕು ಎನ್ನುತ್ತಿದ್ದಿರಿ!

ಮಾವ ಎಂದರೆ ನನ್ನ ತಾಯಿಯ ತಮ್ಮ. ವಾಯುಸೇನೆಯಲ್ಲಿ ನ್ಯಾವಿಗೇಟರ್ ಆಗಿದ್ದವರು. ವಿಮಾನ ಓಡಿಸುವವರು ಪೈಲಟ್. ಈಗ ಎಲ್ಲಿದ್ದೇವೆ, ಯಾವ ದಿಕ್ಕಿಗೆ ಹೋಗಬೇಕು, ಗಾಳಿ ಎಷ್ಟು ಪಕ್ಕಕ್ಕೆ ತಳ್ಳುತ್ತಿದೆ, ಇಂಧನ ಎಷ್ಟು ಹೊತ್ತು ಬರುತ್ತದೆ ಎಂದು ಪಕ್ಕದಲ್ಲಿ ಕೂತು ಲೆಕ್ಕ ಹಾಕುವವರು ನ್ಯಾವಿಗೇಟರ್. ತೊಂಬತ್ತರ ದಶಕದ ಮೊದಲಲ್ಲಿ ಅವರು ನೌಕರಿ ಬಿಟ್ಟು, ಒಂದು ಕರಿ ಟ್ರಂಕು ಹೊತ್ತು, ಜಯಲಕ್ಷ್ಮಿಪುರಂನ ನಮ್ಮ ಮನೆಯ ಮಹಡಿ ಕೋಣೆಗೆ ಬಂದು ನೆಲೆಸಿದರು. ನಾನಾಗ ಪಿಯುಸಿಯಲ್ಲಿದ್ದೆ. ಮಾವ ಮದುವೆಯಾಗಿರಲಿಲ್ಲ. "ಯಾಕೋ ಬೇಡ ಅಂತೀಯಾ?" ಎಂದು ಅಮ್ಮ ಗಂಟುಬಿದ್ದಾಗಲೆಲ್ಲ, "ನಂಗೆ ಎಡಗಿವಿ ಕೇಳ್ಸಲ್ಲ ಅಕ್ಕ. ಬಂದವಳು ಬೈದಿದ್ದರಲ್ಲಿ ಅರ್ಧ ಗಾಳಿಗೆ ಹೋಗುತ್ತೆ. ಪಾಪ, ಅವಳ ಶ್ರಮ ಯಾಕೆ ವ್ಯರ್ಥ ಮಾಡ್ಬೇಕು?" ಎಂದು ಜಾರಿಕೊಳ್ಳುತ್ತಿದ್ದರು.

ಆ ಟ್ರಂಕಿನಲ್ಲಿ ಏನಿತ್ತು ಅಂದುಕೊಂಡಿರಿ? ನಾಲ್ಕು ಜೊತೆ ಬಟ್ಟೆ, ವಿಭೂತಿಯ ಗಟ್ಟಿ, ಸುರುಳಿ ಸುತ್ತಿದ ಒಂದು ದೊಡ್ಡ ನಕ್ಷೆ ಮತ್ತು ಟವೆಲ್ಲಿನಲ್ಲಿ ಹಸುಗೂಸಿನಂತೆ ಸುತ್ತಿಟ್ಟ ಒಂದು ಕ್ಯಾಲ್ಕುಲೇಟರು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪ್ರೋಗ್ರಾಂ ಬರೆದು ಒಳಗೆ ಹಾಕಬಹುದಾದ ಕ್ಯಾಲ್ಕುಲೇಟರು. ಚೂಯಿಂಗ್ ಗಮ್ಮಿನ ಗಾತ್ರದ ತೆಳ್ಳನೆಯ ಪಟ್ಟಿಗಳಿದ್ದವು. ಒಂದೊಂದು ಪಟ್ಟಿಯಲ್ಲಿ ಒಂದೊಂದು ಲೆಕ್ಕದ ವಿಧಾನ. ಪಟ್ಟಿಯನ್ನು ಪಕ್ಕದ ಸೀಳಿಗೆ ತೂರಿಸಿದರೆ ಯಂತ್ರ 'ಝುಯ್' ಎಂದು ಅದನ್ನು ನುಂಗಿ, ಓದಿಕೊಂಡು, ಇನ್ನೊಂದು ಕಡೆಯಿಂದ ಉಗುಳುತ್ತಿತ್ತು. ಎಲ್ಲ ಪ್ರೋಗ್ರಾಮುಗಳನ್ನೂ ಬರೆದವರು ಮಾವನೇ.

ಒಮ್ಮೆ ನನ್ನ ಫಿಸಿಕ್ಸ್ ರೆಕಾರ್ಡಿಗೆ ಲೆಕ್ಕ ಮಾಡಬೇಕಿತ್ತು. ಮಾವ ಸ್ನಾನಕ್ಕೆ ಹೋದ ಸಮಯ ನೋಡಿ ಅದನ್ನು ಎತ್ತಿಕೊಂಡೆ. ಒಂಬತ್ತು ಪಾಯಿಂಟ್ ಎಂಟು ಒತ್ತಿದೆ, ಗುಣಾಕಾರ ಒತ್ತಿದೆ, ನಾಲ್ಕು ಒತ್ತಿದೆ. ಇನ್ನು 'ಸಮ' ಒತ್ತೋಣವೆಂದರೆ, ಸಮ ಎಂಬ ಗುಂಡಿಯೇ ಇಲ್ಲ! ಇಡೀ ಯಂತ್ರವನ್ನು ತಿರುಗಿಸಿ ಹಿಂಬದಿಯೂ ಹುಡುಕಿದೆ. ಅಷ್ಟರಲ್ಲಿ ಮಾವ ಟವೆಲ್ ಸುತ್ತಿಕೊಂಡೇ ಓಡಿಬಂದರು.

"ಮಾವ, ಇದರಲ್ಲಿ ಸಮ ಇಲ್ವಲ್ಲ!"

"ಇಲ್ಲ ಕಣಮ್ಮ. ಮೊದಲು ಎರಡೂ ಸಂಖ್ಯೆ ಕೊಡ್ಬೇಕು. ಆಮೇಲೆ ಏನು ಮಾಡ್ಬೇಕು ಅಂತ ಹೇಳ್ಬೇಕು. ಇದು ಅಡುಗೆಯವರ ಥರ. ಸಾಮಾನು ಮೊದಲು, ಆಜ್ಞೆ ಆಮೇಲೆ."

"ತಪ್ಪು ಕೊಟ್ರೆ?"

"ತಪ್ಪನ್ನೇ ಅಚ್ಚುಕಟ್ಟಾಗಿ ಲೆಕ್ಕ ಮಾಡಿಕೊಡುತ್ತೆ."

ನಾನು ನಕ್ಕೆ. ಮಾವ ನಗಲಿಲ್ಲ.

ಆ ಯಂತ್ರವನ್ನು ನೋಡಿಕೊಳ್ಳಲು ಅವರು ಪಡುತ್ತಿದ್ದ ಪಾಡು ಒಂದೆರಡಲ್ಲ. ಪಟ್ಟಿ ಎಳೆದುಕೊಳ್ಳುವ ಪುಟ್ಟ ರಬ್ಬರಿನ ಗಾಲಿ ಹಳತಾಗಿ ಹಲ್ವಾದ ಹಾಗೆ ಮೆತ್ತಗಾಯಿತು. ಅದನ್ನು ಮಾಡಿದ ದೇಶದಲ್ಲೇ ಬಿಡಿಭಾಗ ಸಿಗದೇಹೋದ ಮೇಲೆ ಮಾವ ಕಾಳಿದಾಸ ರಸ್ತೆಯ ಸೈಕಲ್ ಅಂಗಡಿಗೆ ಹೋದರು. ಟೈರಿನ ವಾಲ್ವ್‌ಗೆ ಹಾಕುವ ರಬ್ಬರ್ ಟ್ಯೂಬು ಅರ್ಧ ಇಂಚು ಕತ್ತರಿಸಿ ತಂದು, ಭೂತಗನ್ನಡಿ ಹಿಡಿದು ಇಡೀ ಬೆಳಗ್ಗೆ ಕೂತು ಗಾಲಿಗೆ ತೊಡಿಸಿದರು. ಯಂತ್ರ ಮತ್ತೆ 'ಝುಯ್' ಎಂದಿತು. ಅಂದು ಮಾವ ಎರಡು ಹೋಳಿಗೆ ಹೆಚ್ಚಿಗೆ ತಿಂದರು. ಆಮೇಲೆ ಊರಲ್ಲಿ ಕಂಪ್ಯೂಟರುಗಳು ಬಂದವು. "ಇದೆಲ್ಲಾ ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ ಸಾರ್" ಎಂದು ನಮ್ಮ ಪಕ್ಕದ ಮನೆಯ ಇಂಜಿನಿಯರ್ ಹೇಳಿದಾಗ ಮಾವ ಅವರನ್ನೇ ದಿಟ್ಟಿಸಿ, "ಈ ಮಷೀನು ನನ್ನ ತೊಡೆ ಮೇಲೆ ಕೂತು ಹಿಮಾಲಯದ ಮೋಡದೊಳಗೆ ಹೋಗಿ ಬಂದಿದೆ ಕಣ್ರೀ. ನಿಮ್ಮ ಕಂಪ್ಯೂಟರು ಎಲ್ಲೀವರೆಗೆ ಹೋಗಿದೆ?" ಎಂದರು. ಅದು ಟೇಬಲ್ ಬಿಟ್ಟು ಕದಲಿರಲಿಲ್ಲವಾದ್ದರಿಂದ ಇಂಜಿನಿಯರ್ ಕಾಫಿ ಕುಡಿದು ಎದ್ದುಹೋದರು.

ಮಾವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋಗುವ ಕಷ್ಟ ಶತ್ರುವಿಗೂ ಬೇಡ. ಎಲ್ಲರೂ "ಬಲಕ್ಕೆ ತಿರುಗು" ಎಂದರೆ ಇವರು "ಸೊನ್ನೆ ಒಂಬತ್ತು ಐದು" ಎನ್ನುತ್ತಿದ್ದರು. ಅದು ಡಿಗ್ರಿಯಂತೆ! ಇರ್ವಿನ್ ರಸ್ತೆಯಲ್ಲಿ ಬಸ್ಸೊಂದು ಉಜ್ಜಿಕೊಂಡು ಹೋಗುವಾಗ ನಾನು ಡಿಗ್ರಿ ಎಣಿಸಲೇ? ಒಮ್ಮೆ ಟ್ರಾಫಿಕ್ ಪೊಲೀಸಿನವರು ನಿಲ್ಲಿಸಿ, ಮಾವನ ಕೈಯಲ್ಲಿದ್ದ ಯಂತ್ರ ನೋಡಿ ಅನುಮಾನದಿಂದ, "ಏನ್ ಸಾರ್ ಅದು, ವೈರ್‌ಲೆಸ್ಸಾ?" ಎಂದರು. "ಅಲ್ಲ, ಗಾಳಿ ಲೆಕ್ಕ" ಎಂದರು ಮಾವ. ಪೊಲೀಸಿನವರು ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ, "ಹೋಗಮ್ಮ, ಹುಷಾರಾಗಿ ಕರ್ಕೊಂಡೋಗು" ಎಂದು ಕನಿಕರದಿಂದ ಬಿಟ್ಟುಬಿಟ್ಟರು.

ಇಷ್ಟೆಲ್ಲ ನಗುತ್ತಿದ್ದ ನಾವು ಒಂದು ದಸರೆಯಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಯಿತು. ವಸ್ತುಪ್ರದರ್ಶನಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಸಂಜೆ ಐದರ ಹೊತ್ತಿಗೆ ನೋಡಿದರೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಮಾಯ! ಆಗೇನು ಮೊಬೈಲು ಇತ್ತೇ? ಅಮ್ಮ ಅಳಲು ಶುರುಮಾಡಿದಳು. ಮಾವ ಮಾತ್ರ ಒಂದು ಕಲ್ಲುಬೆಂಚಿನ ಮೇಲೆ ಕೂತು ಯಂತ್ರ ತೆಗೆದರು.

"ಕೊನೇ ಸಲ ಅಕ್ಕನ್ನ ಎಲ್ಲಿ ನೋಡಿದ್ರಿ?"

"ಚುರುಮುರಿ ಅಂಗಡಿ ಹತ್ರ."

"ಎಷ್ಟು ಹೊತ್ತಾಯ್ತು? ಯಾವ ಮಂಡಿ ನೋವು, ಎಡದ್ದೋ ಬಲದ್ದೋ?"

"ಏನೋ ನಿನ್ನ ತಲೆ! ಅಕ್ಕ ಕಳೆದುಹೋಗಿದಾಳೆ, ಮಂಡಿ ಕೇಳ್ತೀಯಲ್ಲೋ!" ಎಂದು ಅಮ್ಮ ಕಿರುಚಿದಳು.

"ಎಡಮಂಡಿ ನೋವಿದ್ರೆ ಎಡಕ್ಕೆ ವಾಲಿ ನಡೀತಾಳೆ. ಜನ ಗೇಟಿನ ಕಡೆ ತಳ್ತಾರೆ. ಗಾಳಿ ಇದ್ದ ಹಾಗೆ ಅದು." ಹೀಗೆಂದು ಗುಂಡಿ ಒತ್ತಿ, ನಾಲ್ಕು ಕಡೆ ನಮ್ಮನ್ನು ಅಟ್ಟಿ, ತಾವು ಐದನೆಯ ಕಡೆ ಹೊರಟರು. ಇಪ್ಪತ್ತು ನಿಮಿಷದಲ್ಲಿ ದೊಡ್ಡಮ್ಮ ಸಿಕ್ಕಳು. ಮಾವ ಹೇಳಿದ್ದ ಜಾಗದಿಂದ ನಾಲ್ಕೇ ಅಂಗಡಿ ಆಚೆ, ತನ್ನ ಮುಖಕ್ಕಿಂತ ದೊಡ್ಡದಾದ ದೆಹಲಿ ಹಪ್ಪಳ ಮುರಿಯುತ್ತಾ ನಿಂತಿದ್ದಳು.

"ನಾನೆಲ್ಲಿ ಕಳೆದುಹೋಗಿದ್ದೆ? ನೀವು ಕಳೆದುಹೋಗಿದ್ರಿ. ನಾನು ಇಲ್ಲೇ ಇದೀನಲ್ಲ!" ಎಂದಳು.

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ತಿರುಗಿ ನೋಡಿದರೆ ಮಾವ ನೆಲದ ಮೇಲೆ, ಆ ಧೂಳಿನಲ್ಲಿ, ಕೂತುಬಿಟ್ಟಿದ್ದರು. ಯಂತ್ರವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದರು. "ಸಿಕ್ಕಿದ್ಲು" ಎಂದರು ನನ್ನತ್ತ ನೋಡದೆ. "ಸಿಕ್ಕಿದ್ಲಲ್ಲಾ" ಎಂದು ಮತ್ತೆ ಹೇಳಿದರು. ಹಪ್ಪಳ ತಿನ್ನುತ್ತಿದ್ದ ಮುದುಕಿಯೊಬ್ಬಳು ಸಿಕ್ಕಿದ್ದಕ್ಕೆ ಒಬ್ಬ ಗಂಡಸು ಹೀಗೆ ಕುಸಿದು ಕೂರುತ್ತಾನೆಯೇ? ನನಗೆ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ಒಂದು ಸೀನಿನಿಂದ! ಮಾವನಿಗೆ ನೆಗಡಿಯೆಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಸೀನಿದರೆ ಊಟದ ತಟ್ಟೆ ಬಿಟ್ಟು ಮಹಡಿಗೆ ಹೋಗಿಬಿಡುತ್ತಿದ್ದರು. ಇದೂ ಅವರ ಹುಚ್ಚುಗಳಲ್ಲಿ ಒಂದು ಎಂದು ನಾವು ಸೀನು ಬಂದಾಗಲೆಲ್ಲ ಸೆರಗೋ ದಿಂಬೋ ಬಾಯಿಗೆ ಒತ್ತಿಕೊಳ್ಳುತ್ತಿದ್ದೆವು. ಒಂದು ಮಧ್ಯಾಹ್ನ ನನಗೆ ಸಾಲಾಗಿ ಏಳು ಸೀನು ಬಂದವು. ಮಾವ ಎದ್ದುಹೋದರು. ನನಗೆ ಅವಮಾನವಾಗಿ, "ಮಾವನಿಗೆ ನನ್ನ ಕಂಡರೆ ಅಷ್ಟು ಅಸಹ್ಯವಾ?" ಎಂದು ಅಮ್ಮನ ಮುಂದೆ ಗೊಳೋ ಎಂದೆ. ಅಮ್ಮ ಬಾಗಿಲು ಮುಂದಕ್ಕೆ ಎಳೆದು, ಮೆಲ್ಲನೆ ಹೇಳಿದಳು.

ಮಾವನಿಗೆ ಅನ್ವರ್ ಎಂಬ ಗೆಳೆಯರಿದ್ದರು. ಇದೇ ಮೈಸೂರಿನವರು. ಇಬ್ಬರೂ ಒಂದೇ ಕಾಲೇಜು, ಒಂದೇ ವರ್ಷ ವಾಯುಸೇನೆ. ಅನ್ವರ್ ಪೈಲಟ್ ಆದರು, ಮಾವ ನ್ಯಾವಿಗೇಟರ್. ಈಶಾನ್ಯದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಇಳಿಸುವ ಸಾಗಣೆ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ. ಒಂದು ಬೆಳಗ್ಗೆ ಮಾವನಿಗೆ ನೆಗಡಿಯಾಗಿತ್ತು. ಮೂಗು ಕಟ್ಟಿಕೊಂಡು ಮೇಲೇರಿದರೆ ಕಿವಿಯ ತಮಟೆ ಒಡೆಯುತ್ತದೆಂದು ಡಾಕ್ಟರು ಅಂದು ಹಾರಾಟ ಬೇಡವೆಂದರು. ಮಾವನ ಜಾಗದಲ್ಲಿ ಹೊಸದಾಗಿ ಬಂದಿದ್ದ ಇನ್ನೊಬ್ಬ ನ್ಯಾವಿಗೇಟರ್ ಕೂತರು. ಹೋಗುವಾಗ ಅನ್ವರ್, "ಮೂಗು ಒರೆಸ್ಕೊಂಡು ಮಲ್ಕೋ, ಮಧ್ಯಾಹ್ನ ಊಟಕ್ಕೆ ಬರ್ತೀನಿ" ಎಂದರಂತೆ. ಬರಲಿಲ್ಲ. ಮೋಡದಲ್ಲಿ ಒಂದು ಸಲ ರೇಡಿಯೋದಲ್ಲಿ ಮಾತಾಡಿದರು, ಆಮೇಲೆ ಏನೂ ಇಲ್ಲ. ಐದು ಜನರಿದ್ದ ವಿಮಾನ ಆಕಾಶದಿಂದ ಅಳಿಸಿಹೋಯಿತು.

ಎಲ್ಲಿ ಹುಡುಕಬೇಕೆಂದು ಲೆಕ್ಕ ಹಾಕಿದ್ದು ಮಾವನೇ, ಅದೇ ಯಂತ್ರದಲ್ಲಿ. ಕೊನೆಯ ಮಾತು ಬಂದ ಜಾಗ, ಗಾಳಿ, ಎತ್ತರ, ಉಳಿದಿದ್ದ ಇಂಧನ ಎಲ್ಲ ಹಾಕಿ ನಕ್ಷೆಯ ಮೇಲೆ ಚೌಕಗಳನ್ನು ಎಳೆದರು. ಯಾವ ಚೌಕದಲ್ಲಿ ಸಿಗುವ ಸಂಭವ ಎಷ್ಟೆಂದು ಯಂತ್ರ ಹೇಳುತ್ತಿತ್ತು. ಮರುದಿನದಿಂದ ಡಾಕ್ಟರ ಮಾತನ್ನೂ ಕೇಳದೆ ಹುಡುಕುವ ವಿಮಾನ ಹತ್ತಿದರು. ಎರಡನೆಯ ದಿನ ಎಡಗಿವಿಯಿಂದ ರಕ್ತ ಬಂತು. ಇಳಿಯಲಿಲ್ಲ. ಹತ್ತು ದಿನ ಹುಡುಕಿ ಮೇಲಿನವರು ಸಾಕೆಂದರು. ಮಾವನ ಕಿವಿಯೂ ಹೋಗಿತ್ತು, ಹಾರುವ ಕೆಲಸವೂ ಹೋಯಿತು.

"ಇನ್ನು ಮೇಲೆ ಅವನು ಎದ್ದುಹೋದ್ರೆ ನೀನೇನೂ ಅಂದ್ಕೋಬೇಡ. ಸೀನು ಕೇಳಿದ್ರೆ ಅವನಿಗೆ ಆ ಬೆಳಗ್ಗೆ ನೆನಪಾಗುತ್ತೆ ಕಣೇ" ಎಂದಳು ಅಮ್ಮ. ನಾನು ಮೂಗು ಒರೆಸಿಕೊಂಡೆ. ಆ ಒರೆಸಿಕೊಳ್ಳುವುದೂ ಯಾಕೋ ತಪ್ಪು ಎನಿಸಿತು.

ಅಲ್ಲಿಯವರೆಗೆ, ಮಾವನನ್ನು ಯಾರದೋ ಮನೆಯ ಗೇಟಿಗೆ ಬಿಟ್ಟು ಬರುವ ಭಾನುವಾರಗಳು ನನಗೆ ತಮಾಷೆಯಾಗಿದ್ದವು. ಪ್ರತಿ ಭಾನುವಾರ ಬೆಳಗ್ಗೆ ಮಾವ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ನಕ್ಷೆಯನ್ನು ಕಂಕುಳಲ್ಲಿಟ್ಟು, ಯಂತ್ರವನ್ನು ಎದೆಗೊತ್ತಿಕೊಂಡು ರಾಜೀವನಗರಕ್ಕೆ ಹೊರಡುತ್ತಿದ್ದರು. ನನ್ನ ಸ್ಕೂಟಿಯೇ ವಾಹನ. ಅಲ್ಲಿ ಅನ್ವರ್ ಅವರ ತಾಯಿ ಇದ್ದರು. ಮಾವ ಅವರನ್ನು ಅಮ್ಮಿ ಎನ್ನುತ್ತಿದ್ದರು, ಒಳಗೆ ಹೋಗತೊಡಗಿದ ಮೇಲೆ ನಾನೂ ಹಾಗೇ ಕರೆದೆ. ಮಗಳು, ಅಳಿಯ, ಮೊಮ್ಮಕ್ಕಳ ಗದ್ದಲದ ಮನೆ. ಆ ಗದ್ದಲದ ನಡುವೆ ದಿವಾನದ ಮೇಲೆ ಅಮ್ಮಿ ಕಾಯುತ್ತಾ ಕೂತಿರುತ್ತಿದ್ದರು. ಮಾಂಸ ತಿನ್ನದ ಮಾವನಿಗಾಗಿ ಅವರು ಬೇರೆಯೇ ಬಾಣಲೆ ಇಟ್ಟಿದ್ದರು. ಅದನ್ನು ಮನೆಯವರಾರೂ ಮುಟ್ಟುವಂತಿಲ್ಲ. ಒಮ್ಮೆ ಅಳಿಯ ಗೊತ್ತಿಲ್ಲದೆ ಅದರಲ್ಲಿ ಮೊಟ್ಟೆ ಒಡೆದದ್ದಕ್ಕೆ ಮೂರು ದಿನ ಮಾತು ಬಿಟ್ಟರಂತೆ, ಹೊಸ ಬಾಣಲೆ ಬಂದ ಮೇಲೇ ಮನೆಯಲ್ಲಿ ಶಾಂತಿ!

ಶ್ಯಾವಿಗೆ ತಿಂದಾದ ಮೇಲೆ ಅಮ್ಮಿ ಕೈ ಒರೆಸಿಕೊಂಡು ಕೇಳುತ್ತಿದ್ದರು, "ಹುಡುಕ್ತಾ ಇದೀಯಾ ಬೇಟಾ?"

"ಹುಡುಕ್ತಾ ಇದೀನಿ ಅಮ್ಮಿ."

ಆಮೇಲೆ ನಕ್ಷೆ ಹರಡುವುದು. ಮಾವ ಕೂತಲ್ಲಿಂದಲೇ ಹುಡುಕುತ್ತಿದ್ದರು. ಆ ಬೆಟ್ಟಗಳ ಶಾಲಾ ಮೇಷ್ಟರುಗಳಿಗೆ, ಅಂಚೆಯವರಿಗೆ, ಸೈನ್ಯದ ಹಳೆಯ ಗೆಳೆಯರಿಗೆ ಕಾಗದ ಬರೆಯುತ್ತಿದ್ದರು. ಎಲ್ಲೋ ಒಬ್ಬ ಮುದುಕ ಆ ವರ್ಷ ದೊಡ್ಡ ಸದ್ದು ಕೇಳಿದ್ದನಂತೆ. ಇನ್ಯಾವುದೋ ತೊರೆಯಲ್ಲಿ ತಗಡಿನ ಚೂರು ಬಂದಿತ್ತಂತೆ. ಒಂದೊಂದು ಸುದ್ದಿಯನ್ನೂ ಯಂತ್ರಕ್ಕೆ ಹಾಕಿ, "ಈ ವಾರ ಈ ಚೌಕಕ್ಕೆ ನೂರಕ್ಕೆ ಹನ್ನೊಂದು ಬಂದಿದೆ ಅಮ್ಮಿ. ಹೋದ ವಾರ ಎಂಟು ಇತ್ತು" ಎಂದು ವರದಿ ಒಪ್ಪಿಸುವರು. ಅಮ್ಮಿಗೆ ನಕ್ಷೆಯಲ್ಲಿ ಉತ್ತರ ದಕ್ಷಿಣ ಗೊತ್ತಿಲ್ಲ. ಆದರೂ ಬೆರಳಿನಿಂದ ಆ ಚೌಕವನ್ನು ಸವರಿ, "ಇಲ್ಲಿ ಚಳಿ ಜಾಸ್ತೀನಾ?" ಎಂದು ಕೇಳುವರು.

ಹೀಗೆ ಎಷ್ಟು ಭಾನುವಾರ? ಹದಿಮೂರು ವರ್ಷ! ನಾನು ಪಿಯುಸಿ ಮುಗಿಸಿ, ಎಂಎ ಮುಗಿಸಿ, ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಸ್ಕೂಟಿ ಬದಲಾಯಿತು. ನಕ್ಷೆಯ ಅಂಚುಗಳು ಹರಿದು, ಹಿಂದೆ ಬಟ್ಟೆ ಅಂಟಿಸಬೇಕಾಯಿತು. ಒಮ್ಮೆ ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ, "ಮಾವ, ಅಮ್ಮಿಗೆ ಸುಮ್ಮನೆ ಆಸೆ ಕೊಡ್ತಿದೀವಾ?" ಅವರ ಕೇಳಿಸುವ ಕಿವಿಯ ಕಡೆಗೇ ಕೇಳಿದ್ದೆ. ಆದರೂ ಅವರು "ಸೊನ್ನೆ ಏಳು ಸೊನ್ನೆ" ಎಂದರು. ನಾನು ಗಾಡಿ ತಿರುಗಿಸಿದೆ.

ಫೋನು ಬಂದದ್ದು ಒಂದು ಗುರುವಾರ, ಮಧ್ಯಾಹ್ನದ ಊಟದ ಹೊತ್ತು. ಬೇಟೆಗೆ ಹೋದ ಇಬ್ಬರು ಬೆಟ್ಟದ ಇಳಿಜಾರಿನ ಬಿದಿರುಮೆಳೆಯಲ್ಲಿ ಲೋಹದ ರೆಕ್ಕೆಯೊಂದನ್ನು ನೋಡಿದ್ದರು. ಸೈನಿಕರು ಹೋಗಿ ಗುರುತು ಹಚ್ಚಿದ್ದರು. ಅದೇ ವಿಮಾನ. ಮಾವ ಅಕ್ಷಾಂಶ ರೇಖಾಂಶ ಬರೆದುಕೊಂಡು, ತಪ್ಪಿಲ್ಲದೆ ಎರಡು ಸಲ ಓದಿ ಹೇಳಿ ಫೋನಿಟ್ಟರು. ಮಹಡಿಗೆ ಹೋದರು. ನಾನೂ ಹಿಂದೆಯೇ ಹೋದೆ. ನೆಲದ ಮೇಲೆ ನಕ್ಷೆ ಹರಡಿ, ಸ್ಕೇಲಿಟ್ಟು, ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟರು. ಚುಕ್ಕಿ ಬಿದ್ದದ್ದು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ ಒಂದು ಚೌಕದಲ್ಲಿ. ಅದರ ಮೂಲೆಯಲ್ಲಿ ಅವರದೇ ಅಕ್ಷರದಲ್ಲಿ ಸಣ್ಣಗೆ 'ಎರಡನೇ ದಿನ' ಎಂದು ಬರೆದಿತ್ತು.

ಮಾವ ಹಾಸಿಗೆಯ ಮೇಲೆ ಕೂತರು.

"ಈ ಮಷೀನಿನ ನೆನಪು ಚಿಕ್ಕದು ಕಣಮ್ಮ" ಎಂದರು, ಕ್ಲಾಸಿನಲ್ಲಿ ಪಾಠ ಹೇಳುವಷ್ಟೇ ನಿಧಾನವಾಗಿ. "ಎಲ್ಲಾ ಚೌಕಕ್ಕೂ ಜಾಗ ಸಾಲ್ತಿರ್ಲಿಲ್ಲ. ಹುಡುಕಿದ ಚೌಕಕ್ಕೆ ಸೊನ್ನೆ ಹಾಕ್ಬುಟ್ರೆ ಹೊಸ ಚೌಕಕ್ಕೆ ಜಾಗ ಆಗ್ತಿತ್ತು. ನಾನು ಸೊನ್ನೆ ಹಾಕ್ದೆ."

"ಹುಡುಕಿ ಆಗಿತ್ತಲ್ಲ ಮಾವ?"

"ಹುಡುಕಿದ್ವಿ, ಕಾಣ್ಲಿಲ್ಲ. ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಸಂಭವ ಕಮ್ಮಿ ಮಾಡ್ಬೇಕು, ಸೊನ್ನೆ ಮಾಡಬಾರ್ದು. ಹೊಸಬರಿಗೆ ನಾನೇ ಪಾಠ ಹೇಳ್ತಿದ್ದೆ ಇದನ್ನ. ಸೊನ್ನೆಯಿಂದ ಏನು ಗುಣಿಸಿದ್ರೂ ಸೊನ್ನೆ. ಹದಿಮೂರು ವರ್ಷ ಯಾವ ಸುದ್ದಿ ಹಾಕಿದ್ರೂ ಈ ಮಷೀನು ಆ ಚೌಕದ ಕಡೆ ತಿರುಗಿ ನೋಡೋ ಹಾಗೇ ಇರ್ಲಿಲ್ಲ. ನಾನು ಬಾಗಿಲು ಹಾಕ್ಬುಟ್ಟಿದ್ದೆ."

ಪೆನ್ಸಿಲನ್ನು ಪಕ್ಕಕ್ಕಿಟ್ಟು, "ಎರಡನೇ ದಿನ ಎಡಗಡೆ ಕಿಟಕೀಲಿ ಕೂತಿದ್ದೋನು ನಾನೇ" ಎಂದರು. "ಕಿವಿ ನೋವಿಗೆ ಕಣ್ಣಲ್ಲಿ ನೀರು ಬರ್ತಿತ್ತು. ಒರೆಸ್ಕೊಂಡು ಒರೆಸ್ಕೊಂಡು ನೋಡ್ತಿದ್ದೆ. ಒರೆಸ್ಕೊಳ್ಳೋವಾಗ್ಲೇ ದಾಟಿತೋ ಏನೋ."

ನಾನು ಕೆಳಗೆ ಹೋಗಿ ಮಜ್ಜಿಗೆ ತಂದುಕೊಟ್ಟೆ. ಕುಡಿಯಲಿಲ್ಲ.

ಭಾನುವಾರದವರೆಗೆ ಕಾಯುವುದು ಬೇಡವೆಂದು ಅಮ್ಮ ಹೇಳಿದಳು. ಮರುದಿನ ಬೆಳಗ್ಗೆಯೇ ಹೊರಟೆವು. ಮಾವ ನಕ್ಷೆ ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ಡಿಗ್ರಿ ಹೇಳಲಿಲ್ಲ. ಫೌಂಟನ್ ಸರ್ಕಲ್ಲಿನಲ್ಲಿ ನಾನು ಬೇಕೆಂದೇ ತಪ್ಪು ದಾರಿ ಹಿಡಿದೆ. ಆಗಲೂ ಸುಮ್ಮನಿದ್ದರು. ನಾನೇ ಗಾಡಿ ತಿರುಗಿಸಿಕೊಂಡು ಬಂದೆ.

ಶುಕ್ರವಾರ ಮಾವನನ್ನು ಬಾಗಿಲಲ್ಲಿ ಕಂಡ ಅಮ್ಮಿಗೆ ಅರ್ಧ ತಿಳಿದುಹೋಯಿತು. ಮೊಮ್ಮಕ್ಕಳನ್ನು ಒಳಗೆ ಕಳಿಸಿ ದಿವಾನದ ಮೇಲೆ ನೆಟ್ಟಗೆ ಕೂತರು. ಮಾವ ಅವರ ಕಾಲಬಳಿ ನೆಲದ ಮೇಲೆ ಕೂತರು.

"ಸಿಕ್ಕಿದ್ನಾ?"

"ಸಿಕ್ಕಿದಾನೆ ಅಮ್ಮಿ."

ಅಮ್ಮಿ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು. "ತುಂಬ ಹೊತ್ತು ನೋವು ತಿಂದ್ನಾ?"

"ಇಲ್ಲ. ನೋಡಿ ಬಂದವರು ಹೇಳಿದ್ರು, ಬೆಟ್ಟಕ್ಕೆ ನೇರ ತಾಗಿದೆ. ಸೀಟಿನ ಬೆಲ್ಟ್ ಕೂಡ ಬಿಚ್ಚಿರ್ಲಿಲ್ಲ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆದರೆ ಮಾವ ಎಲ್ಲವನ್ನೂ ಹೇಳಿದರು. ಎರಡನೆಯ ದಿನ, ಎಡಗಡೆಯ ಕಿಟಕಿ, ತಾವು ಹಾಕಿದ ಸೊನ್ನೆ. "ನನ್ನ ತಪ್ಪಿಂದ ಹದಿಮೂರು ವರ್ಷ ಕಾದ್ರಿ ಅಮ್ಮಿ. ಮೊದಲನೇ ವಾರದಲ್ಲೇ ತಿಳೀಬೇಕಾಗಿತ್ತು ನಿಮಗೆ" ಎಂದು ತಲೆ ತಗ್ಗಿಸಿದರು.

ಅಮ್ಮಿ ಮಾವನ ಕಡೆ ಬಾಗಿದರು. ಒಳಗೆ ಮಗಳು ಬಿಕ್ಕುವುದು ಕೇಳುತ್ತಿತ್ತು.

"ನೀನು ಕೂತಿದ್ದೆಯಲ್ಲ, ಆ ಕಿಟಕಿ ಕೆಳಗೇ ಇದ್ನಾ ಅವನು?"

"ಹೂಂ."

"ಎರಡನೇ ದಿವ್ಸಾನೇ ಅವನ ಹತ್ರ ಹೋಗಿದ್ದೆ ನೀನು, ಹಂಗಾದ್ರೆ."

ಮಾವ ತಲೆಯೆತ್ತಿದರು.

"ನಾನು ಅಂದ್ಕೊಂಡಿದ್ದೆ, ನನ್ನ ಮಗನ ಹತ್ರ ಯಾರೂ ಹೋಗೇ ಇಲ್ಲ, ಒಬ್ಬನೇ ಬಿದ್ದಿದಾನೆ ಅಂತ. ನೀನು ಹೋಗಿದ್ದೆಯಲ್ಲ ಬೇಟಾ. ಕಿವೀಲಿ ರಕ್ತ ಬರೋವಾಗ ಹೋಗಿದ್ದೆ" ಎಂದು ಅಮ್ಮಿ ಮಾವನ ಎಡಗಿವಿಯ ಮೇಲೆ ಅಂಗೈ ಇಟ್ಟರು. ಮಾವ ಅತ್ತರು. ದಸರೆಯ ಧೂಳಿನಲ್ಲೂ ಅಳದವರು, ನಮ್ಮ ಅಜ್ಜಿ ತೀರಿಕೊಂಡಾಗಲೂ ಅಳದವರು, ಅಂದು ಬಾಯಿ ತೆರೆದು ಅತ್ತರು.

ಮೂರು ವಾರದ ಮೇಲೆ ಪೆಟ್ಟಿಗೆ ಬಂತು. ಹೆಗಲು ಕೊಟ್ಟವರಲ್ಲಿ ಮಾವ ಒಬ್ಬರು. ಎಷ್ಟು ಹಗುರವಿತ್ತು ಎಂಬುದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಅಮ್ಮಿಯ ಮನೆಯ ಹೆಂಗಸರು ಖಬರಸ್ಥಾನಕ್ಕೆ ಹೋಗುವ ಪದ್ಧತಿ ಇರಲಿಲ್ಲ. ನಾನು ಅಮ್ಮಿಯ ಪಕ್ಕದಲ್ಲಿ ಕೂತಿದ್ದೆ. ಹಣೆಯಲ್ಲಿ ವಿಭೂತಿ, ತಲೆಗೆ ಕಟ್ಟಿದ ಕರವಸ್ತ್ರ, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ಹೀಗೆ ಮಾವ ಹಿಂದಿರುಗಿದರು. ಅಮ್ಮಿಯ ಎದುರು ನಿಂತು ವರದಿ ಕೊಟ್ಟರು.

"ಗೇಟಿಂದ ಒಳಗೆ ಹೋಗಿ ಎಡಕ್ಕೆ ನಲವತ್ತೆರಡು ಹೆಜ್ಜೆ ಅಮ್ಮಿ. ಒಂದು ಬೇವಿನ ಮರ ಇದೆ. ಅದರ ಪೂರ್ವಕ್ಕೆ ಆರು ಹೆಜ್ಜೆ. ಮಧ್ಯಾಹ್ನದ ಮೇಲೆ ನೆರಳು ಬೀಳುತ್ತೆ."

"ನೆರಳು ಬೀಳುತ್ತಾ?"

"ಬೀಳುತ್ತೆ. ನಿಂತು ನೋಡ್ಕೊಂಡು ಬಂದೆ."

ಅಮ್ಮಿ ತಲೆಯಾಡಿಸಿದರು. ಹೇಳುವುದು ಮುಗಿದಿತ್ತು. ಮಾವ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ಹದಿಮೂರು ವರ್ಷ ಅವುಗಳಲ್ಲಿ ಏನಾದರೂ ಇದ್ದೇ ಇರುತ್ತಿತ್ತಲ್ಲ! ಕೊನೆಗೆ ಚಪ್ಪಲಿಯ ಕಡೆ ನಡೆದರು.

"ಬರೋ ಭಾನುವಾರ ಬಾ" ಎಂದರು ಅಮ್ಮಿ.

ಮಾವ ಬಾಗಿಲಲ್ಲೇ ನಿಂತರು. "ಇನ್ನು ಹೇಳೋಕೆ ಏನೂ ಉಳಿದಿಲ್ಲ ಅಮ್ಮಿ."

"ಇಷ್ಟು ವರ್ಷ ಎಲ್ಲಿದಾನೆ, ಎಲ್ಲಿದಾನೆ ಅಂತ ನೀನು ಹೇಳ್ದೆ, ನಾನು ಕೇಳ್ದೆ. ಹೆಂಗಿದ್ದ ಅಂತ ಒಂದಿನಾನೂ ಮಾತಾಡ್ಲಿಲ್ಲ ನಾವು. ನಾನು ಹೇಳ್ತೀನಿ, ಬಾ."

ಆ ಭಾನುವಾರ ಮಾವ ಬರಿಗೈಯಲ್ಲಿ ಹೋದರು. ಅಮ್ಮಿ ಶುರುಮಾಡಿದರು. ಐದು ವರ್ಷದ ಅನ್ವರ್ ಗಾಳಿಪಟದ ಹಿಂದೆ ಹೋಗಿ ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿದ್ದದ್ದು, ಮೈಯೆಲ್ಲ ಒದ್ದೆಯಾದರೂ ಪಟವನ್ನು ಮಾತ್ರ ಒಂದು ಹನಿ ತಾಗದಂತೆ ಎತ್ತಿ ಹಿಡಿದಿದ್ದದ್ದು. ಮಾವ ನಡುವೆಯೇ ಬಾಯಿಹಾಕಿ, "ಟ್ರೈನಿಂಗಿನಲ್ಲೂ ಅದೇ ಕಥೆ ಅಮ್ಮಿ, ಕೆಸರಲ್ಲಿ ಬಿದ್ದ, ಟೋಪಿಗೆ ಒಂದು ಚಿಟಿಕೆ ಮಣ್ಣಾಗ್ಲಿಲ್ಲ!" ಎಂದರು. ಅಮ್ಮಿ, "ಸುಳ್ಳು ಹೇಳ್ಬೇಡ!" ಎಂದು ಅವರ ಭುಜಕ್ಕೆ ಗುದ್ದಿದರು. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಅಮ್ಮಿ ಮಾವನ ಎಡಗಡೆ ಕೂತಿದ್ದರು. ಅರ್ಧ ಕೇಳಿಸದಿದ್ದರೂ ಮಾವ ಪೂರ್ತಿ ನಗುತ್ತಿದ್ದರು.

ಹನ್ನೆರಡು ಗಂಟೆಯಾಯಿತು, ಹೊರಡೋಣವೆಂದು ನಾನು ಎರಡು ಸಲ ಎದ್ದು ನಿಂತೆ. ಮಾವ ನನ್ನನ್ನು ನೋಡಲೇ ಇಲ್ಲ. ಮೂರನೆಯ ಸಲ ಅಮ್ಮಿಯೇ ನನ್ನ ಕೈ ಹಿಡಿದು ಕೂರಿಸಿದರು.

"ಕೂತ್ಕೋಮ್ಮ. ಅನ್ವರ್ ಇನ್ನೂ ಈಗ ತಾನೇ ಸ್ಕೂಲಿಗೆ ಸೇರಿದಾನೆ."